ಆ್ಯಪಲ್ ಟಿವಿ ಸೆಟ್ ಮಾಡಬೇಕಾ? ವಿಜಯಪುರದ ಅಂಗಡಿಯವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ವಿಜಯಪುರದ ಗಾಂಧಿ ಚೌಕದ ಹತ್ತಿರ ನಮ್ಮದು ಟಿವಿ, ಫ್ರಿಜ್ ಅಂಗಡಿ. ನಮ್ಮ ತಂದೆ ಶುರು ಮಾಡಿದ್ದು. ಈಗೀಗ ಕೈಯಲ್ಲಿ ಐಫೋನ್ ಹಿಡಿದು ಬರುವ ಗಿರಾಕಿಗಳು, "ಆ್ಯಪಲ್‌ನವರ ಟಿವಿ ಯಾವಾಗ ಬರತೈತ್ರಿ?" ಅಂತ ಕೇಳುತ್ತಾರೆ. ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರು ಹೊಸ ಮನೆಗೆ 65 ಇಂಚಿನ ಟಿವಿ ತಗೊಳ್ಳುವುದನ್ನೇ ಮುಂದಕ್ಕೆ ಹಾಕಿದ್ದಾರೆ. ನನ್ನ ತಮ್ಮ, ದೊಡ್ಡ ಟಿವಿಗಳ ಸ್ಟಾಕ್ ಕಡಿಮೆ ಮಾಡೋಣ, ಅದು ಬಂದಾಗ ಡೀಲರ್‌ಶಿಪ್ ಹಿಡಿಯೋಣ ಅನ್ನುತ್ತಾನೆ. ಅಂಥ ದುಬಾರಿ ಕಂಪನಿ ಟಿವಿ ಮಾಡುವುದು ಸರಿಯಾ? ನಾವು ಕಾಯಬೇಕಾ?

ಉತ್ತರ: ಕಾಯಬೇಡಿ. ತಿಕೋಟಾದವರಿಗೂ ಕಾಯಬೇಡಿ ಅಂತ ಹೇಳಿ. ಆ ಕಂಪನಿ ಟಿವಿ ಸೆಟ್ ಮಾಡಬಾರದು ಅನ್ನುವುದೇ ನನ್ನ ಅಭಿಪ್ರಾಯ. ಅವರ ಹತ್ತಿರ ದುಡ್ಡಿಲ್ಲ ಅಂತಲ್ಲ, ಕೈಯಲ್ಲಿ ಕೆಲಸ ಇಲ್ಲ ಅಂತಲೂ ಅಲ್ಲ. ಟಿವಿ ಅನ್ನುವ ವಸ್ತುವಿನ ಒಳಗೆ ಏನಿದೆ ಅಂತ ನೋಡಿದರೆ ಕಾರಣ ಗೊತ್ತಾಗುತ್ತದೆ.

ನಾನು 1996ರಲ್ಲಿ ಸ್ಟೇಷನ್ ರೋಡಿನ ಒಂದು ರಿಪೇರಿ ಅಂಗಡಿಯಲ್ಲಿ ಪಿಕ್ಚರ್ ಟ್ಯೂಬಿನ ಟಿವಿ ಬಿಚ್ಚಲು ಕಲಿತವನು. ಆಮೇಲೆ ಒಂದು ಟಿವಿ ಕಂಪನಿಯ ಸರ್ವಿಸ್ ಕೆಲಸದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆ ಸುತ್ತಿದೆ. ಈಗ ಡೀಲರ್‌ಗಳಿಗೆ ಸಲಹೆ ಕೊಡುತ್ತೇನೆ. ಹಾಗಾಗಿ ನನ್ನ ಉತ್ತರ ಬೆಂಚಿನ ಮೇಲಿಂದಲೇ ಶುರುವಾಗುತ್ತದೆ.

ಒಂದು 55 ಇಂಚಿನ ಎಲ್ಇಡಿ ಟಿವಿಯನ್ನು ಕಂಬಳಿಯ ಮೇಲೆ ಮುಖ ಅಡಿ ಮಾಡಿ ಮಲಗಿಸಿ. ಹಿಂದಿನ ಕವರ್ ತೆಗೆದರೆ ಕಾಣುವುದು ಮೂರೇ ಬೋರ್ಡು. ಪವರ್ ಸಪ್ಲೈ, ಮದರ್‌ಬೋರ್ಡ್, ಪರದೆಗೆ ಚಿತ್ರ ಕಳಿಸುವ ಟಿ-ಕಾನ್. ಮೂರನ್ನೂ ಸೇರಿಸಿದರೂ ಒಂದು ಸಣ್ಣ ಚೀಲದಲ್ಲಿ ಹಾಕಿಕೊಂಡು ಬೈಕಿನಲ್ಲಿ ಹೋಗಬಹುದು. ಉಳಿದದ್ದೆಲ್ಲ ಪ್ಯಾನೆಲ್, ಅಂದರೆ ಪರದೆ. ಗಾಜಿನ ಹಿಂದೆ ಬೆಳಕು ಕೊಡುವ ಬ್ಯಾಕ್‌ಲೈಟ್ ಸ್ಟ್ರಿಪ್ ಸುಟ್ಟಿದ್ದರೆ ಅದನ್ನು ಬದಲಿಸಲು ಗಾಜು ಎತ್ತಲೇಬೇಕು. ನಾಲ್ಕು ರಬ್ಬರ್ ಸಕ್ಷನ್ ಕಪ್ ಹಚ್ಚಿ, ಇಬ್ಬರು ಎದುರು ಬದುರು ನಿಂತು, ಉಸಿರು ಹಿಡಿದು ಎತ್ತುತ್ತೇವೆ. ಕಟಕ ರೊಟ್ಟಿಯನ್ನು ಒಂದು ಮೂಲೆ ಹಿಡಿದು ಎತ್ತಿದರೆ ಹೇಗೆ ಲಟಕ್ ಅನ್ನುತ್ತದೋ, ಈ ಗಾಜೂ ಹಾಗೇ. ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಗೆರೆಗಳಿರುವ ರಿಬ್ಬನ್ ಅಂಟಿರುತ್ತದೆ. ಅದು ಒಂದು ಕಡೆ ಸ್ವಲ್ಪ ಸೀಳಿದರೆ ಸಾಕು, ಪರದೆಯ ಮೇಲೆ ಉದ್ದಕ್ಕೆ ಒಂದು ಲೈನ್ ಬಂದು ಕೂರುತ್ತದೆ. ಅದು ಮತ್ತೆ ಹೋಗುವುದಿಲ್ಲ.

ಈ ಗಾಜನ್ನೇ ವ್ಯಾಪಾರದಲ್ಲಿ ಓಪನ್ ಸೆಲ್ ಅನ್ನುತ್ತಾರೆ. ಟಿವಿ ಮಾಡುವ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದೊಂದಕ್ಕೇ ಹೋಗುತ್ತದೆ. ಪ್ಯಾನೆಲ್ ಒಡೆದರೆ ರಿಪೇರಿ ಖರ್ಚು ಹೊಸ ಟಿವಿಯ ಹತ್ತಿರ ಹೋಗುತ್ತದೆ ಅಂತ ನೀವು ಗಿರಾಕಿಗಳಿಗೆ ಹೇಳುತ್ತೀರಲ್ಲ, ಕಾರಣ ಇದೇ. ಈ ಗಾಜು ಮಾಡುವವರು ಜಗತ್ತಿನಲ್ಲಿ ಕೆಲವೇ ಜನ. ಎಲ್ಇಡಿ ಟಿವಿಯಲ್ಲಿರುವ ಎಲ್‌ಸಿಡಿ ಗಾಜು ಬಹುಪಾಲು ಚೀನಾದ ಬಿಒಇ, ಟಿಸಿಎಲ್‌ನ ಸಿಎಸ್‌ಒಟಿ, ಎಚ್‌ಕೆಸಿ ಕೈಯಲ್ಲಿದೆ. ಸ್ಯಾಮ್ಸಂಗ್ ಡಿಸ್‌ಪ್ಲೇ 2022ರಲ್ಲಿ ಎಲ್‌ಸಿಡಿ ಮಾಡುವುದನ್ನೇ ನಿಲ್ಲಿಸಿತು. ಬ್ಯಾಕ್‌ಲೈಟ್ ಇಲ್ಲದೆ ತಾನೇ ಬೆಳಗುವ ಒಎಲ್ಇಡಿ ಗಾಜಿಗಂತೂ, ಟಿವಿ ಅಳತೆಯಲ್ಲಿ, ಮುಖ್ಯವಾಗಿ ಎರಡೇ ಬಾಗಿಲು, ಎಲ್‌ಜಿ ಡಿಸ್‌ಪ್ಲೇ ಮತ್ತು ಸ್ಯಾಮ್ಸಂಗ್ ಡಿಸ್‌ಪ್ಲೇ. ಆ್ಯಪಲ್ ಬಂದರೂ ಇವರ ಬಾಗಿಲಿಗೇ ಹೋಗಬೇಕು. ಅದೇ ಗಾಜು ಪಕ್ಕದ ಕಂಪನಿಯ ಟಿವಿಯಲ್ಲೂ ಇರುತ್ತದೆ.

ಇಲ್ಲಿ ನಿಮ್ಮ ತಮ್ಮ ಒಂದು ಮಾತು ಕೇಳಬಹುದು. ಕೇಳಬೇಕಾದ ಮಾತೇ ಅದು. "ಐಫೋನಿನ ಪರದೆಯನ್ನೂ ಬೇರೆಯವರೇ ಮಾಡಿ ಕೊಡ್ತಾರಲ್ವಾ? ಆದರೂ ಅವರು ಫೋನ್ ಮಾರುಕಟ್ಟೆಯನ್ನೇ ಬದಲಿಸಲಿಲ್ವಾ?" ಹೌದು, ಆ ಪರದೆಗಳೂ ಸ್ಯಾಮ್ಸಂಗ್, ಎಲ್‌ಜಿ, ಬಿಒಇಗಳಿಂದಲೇ ಬರುತ್ತವೆ. ಆದರೆ ಫೋನಿನಲ್ಲಿ ಜನ ದುಡ್ಡು ಕೊಡುವುದು ಅದರ ಬುದ್ಧಿಗೆ. ಚಿಪ್ಪು, ಕ್ಯಾಮೆರಾ, ಸಾಫ್ಟ್‌ವೇರ್. ಮೂರು ನಾಲ್ಕು ವರ್ಷಕ್ಕೆ ಆ ಬುದ್ಧಿ ಹಳತಾಗುತ್ತದೆ, ಜನ ಹೊಸದು ತಗೊಳ್ಳುತ್ತಾರೆ. ಟಿವಿಯಲ್ಲಿ ಲೆಕ್ಕ ತಿರುಗಾಮುರುಗಾ. ಇಲ್ಲಿ ದುಡ್ಡೆಲ್ಲ ಗಾಜಿಗೆ. ಗಾಜು ಎಂಟು ಹತ್ತು ವರ್ಷ ಬಾಳುತ್ತದೆ. ಬುದ್ಧಿ ಮಾತ್ರ ಇಲ್ಲೂ ಮೂರು ನಾಲ್ಕು ವರ್ಷಕ್ಕೇ ಸುಸ್ತಾಗುತ್ತದೆ.

ನಿಮ್ಮ ಅಂಗಡಿಗೆ ಬರುವ ದೂರುಗಳನ್ನೇ ನೆನಪು ಮಾಡಿಕೊಳ್ಳಿ. "ಚಿತ್ರ ಛಲೋ ಐತಿ, ಆದ್ರ ಯೂಟ್ಯೂಬ್ ತೆರೀಲಾಕ ಭಾಳ ಹೊತ್ತು ತಗೋತೈತಿ" ಅಂತಲೇ ಬರುತ್ತಾರೆ. 1 ಜಿಬಿ ರ‍್ಯಾಮ್ ಹಾಕಿ ಮಾರಿದ ಟಿವಿಗಳು ಅವು. ಕೊಂಡ ದಿನ ಓಡುತ್ತವೆ. ಆಪ್‌ಗಳು ಅಪ್‌ಡೇಟ್ ಆಗುತ್ತಾ ಭಾರವಾದ ಹಾಗೆ ಟಿವಿ ತೆವಳಲು ಶುರು ಮಾಡುತ್ತದೆ. ಗಾಜು ಇನ್ನೂ ಹೊಸದರಂತೆ ಹೊಳೆಯುತ್ತಿರುತ್ತದೆ, ಒಳಗಿನ ಮದರ್‌ಬೋರ್ಡ್ ಮುದಿಯಾಗಿರುತ್ತದೆ. ಎತ್ತಿನ ಜೋಡಿಯಲ್ಲಿ ಒಂದು ಎಳೆಯದು, ಒಂದು ಮುದಿ ಆದರೆ ಬಂಡಿ ಹೇಗೆ ಎಳೆದೀತು ಹೇಳಿ.

ಹೀಗಿರುವಾಗ ದುಬಾರಿ ಬುದ್ಧಿಯನ್ನು ದುಬಾರಿ ಗಾಜಿಗೆ ಅಂಟಿಸಿ ಎರಡು ಮೂರು ಲಕ್ಷಕ್ಕೆ ಮಾರಿದರೆ ಏನಾಗುತ್ತದೆ? ಐದನೇ ವರ್ಷಕ್ಕೆ ಬುದ್ಧಿ ಹಳತಾಯಿತು ಅಂತ ಒಳ್ಳೆಯ ಗಾಜನ್ನೂ ಎಸೆಯಬೇಕು. ಇಲ್ಲವೇ ಗಾಜು ಹೋಯಿತು ಅಂತ ಒಳ್ಳೆಯ ಬುದ್ಧಿಯನ್ನೂ ಎಸೆಯಬೇಕು. ಇದು ಗಿರಾಕಿಗೆ ಮಾಡುವ ಅನ್ಯಾಯ. ಹೊಸ ಕಂಪನಿ ಬಂದು ಈ ಎರಡನ್ನೂ ಇನ್ನಷ್ಟು ಗಟ್ಟಿಯಾಗಿ ಅಂಟಿಸುವುದು ಬೇಡ, ಬೇರ್ಪಡಿಸುವವರು ಬೇಕು ಅನ್ನುವುದು ಇಷ್ಟು ವರ್ಷ ಟಿವಿ ಬಿಚ್ಚಿದವನಾಗಿ ನನ್ನ ಗಟ್ಟಿ ನಂಬಿಕೆ.

ಆ್ಯಪಲ್ ಈ ದಾರಿಯಲ್ಲಿ ಮೊದಲೇ ಹೆಜ್ಜೆ ಇಟ್ಟು ನೋಡಿದೆ. 1993ರಲ್ಲಿ ಮ್ಯಾಕಿಂತೋಷ್ ಟಿವಿ ಅಂತ ಒಂದು ಕಪ್ಪು ಪೆಟ್ಟಿಗೆ ತಂದಿತ್ತು. 14 ಇಂಚಿನ ಸೋನಿ ಟ್ಯೂಬು, ಕಂಪ್ಯೂಟರೂ ಹೌದು, ಟಿವಿಯೂ ಹೌದು. ಟಿವಿ ಹಚ್ಚಿದರೆ ಪೂರ್ತಿ ಪರದೆ ಟಿವಿಯೇ, ಮೂಲೆಯಲ್ಲಿ ಚಿಕ್ಕದಾಗಿ ಟಿವಿ ಇಟ್ಟುಕೊಂಡು ಕೆಲಸ ಮಾಡಲು ಬರುತ್ತಿರಲಿಲ್ಲ. ಸುಮಾರು 10,000 ಸೆಟ್ ಮಾಡಿ ಕೆಲವೇ ತಿಂಗಳಲ್ಲಿ ನಿಲ್ಲಿಸಿದರು. 2007ರಲ್ಲಿ ಬೇರೆ ಕಂಪನಿಗಳ ಟಿವಿಗೆ ಜೋಡಿಸಿ ವಿಡಿಯೋ ನೋಡಬಹುದಾದ ಡಬ್ಬಿ ತಂದರು. ಅದೇ ಈಗಿನ ಆ್ಯಪಲ್ ಟಿವಿ. ಹೆಸರಿನಲ್ಲಿ ಟಿವಿ ಇದ್ದರೂ ಪರದೆ ಇಲ್ಲ. ನಿಮ್ಮ ಗಿರಾಕಿಗಳಲ್ಲಿ ಅರ್ಧ ಜನಕ್ಕೆ ಗೊಂದಲ ಆಗಿರುವುದು ಈ ಹೆಸರಿನಿಂದಲೇ ಇರಬೇಕು. ಅದರ ಮೇಲೆ ಸುಮಾರು ವರ್ಷ ನಿಜವಾದ ಟಿವಿ ಸೆಟ್ ಬರುತ್ತದೆ ಅಂತ ಸುದ್ದಿ ಓಡಿತು. 2015ರಲ್ಲಿ ಅಮೆರಿಕದ ವಾಲ್‌ಸ್ಟ್ರೀಟ್ ಜರ್ನಲ್ ಪತ್ರಿಕೆ, ಆ ಯೋಜನೆಯನ್ನು ಕಂಪನಿ ಒಂದು ವರ್ಷಕ್ಕೂ ಮೊದಲೇ ಕೈಬಿಟ್ಟಿದೆ ಅಂತ ಬರೆಯಿತು. ಬೇರೆಯವರಲ್ಲಿ ಇಲ್ಲದ ಅಂಥ ವಿಶೇಷ ಏನೂ ಸಿಗಲಿಲ್ಲ ಅನ್ನುವುದು ಕಾರಣ. 2019ರಲ್ಲಿ ಅವರು ಸ್ಯಾಮ್ಸಂಗ್, ಎಲ್‌ಜಿ, ಸೋನಿ ಟಿವಿಗಳ ಒಳಗೇ, ಫೋನಿನ ವಿಡಿಯೋವನ್ನು ವೈರಿಲ್ಲದೆ ಟಿವಿಗೆ ಕಳಿಸುವ ತಮ್ಮ ಏರ್‌ಪ್ಲೇ ಕೊಟ್ಟರು. ಬೇರೆಯವರ ಗಾಜಿನ ಮೇಲೆ ತಮ್ಮ ಬುದ್ಧಿ ಕೂರಿಸುವ ದಾರಿ ಇದು. ನನ್ನ ಪ್ರಕಾರ ಸರಿಯಾದ ದಾರಿ.

ಒಳ್ಳೆಯ ಮಾಲು ಮಾಡಿದರೆ ಮಾರುಕಟ್ಟೆ ತಾನೇ ಬರುತ್ತದೆ ಅನ್ನುವವರಿಗೆ ಪಯೋನಿಯರ್ ಕಂಪನಿಯ ಕುರೋ ಪ್ಲಾಸ್ಮಾ ಟಿವಿಯ ಕಥೆ ಹೇಳುತ್ತೇನೆ. ಕಪ್ಪು ಬಣ್ಣ ಅಂದರೆ ಏನು ಅಂತ ಆ ಟಿವಿ ನೋಡಿ ಕಲಿಯಬೇಕಿತ್ತು. ಈ ಕಸುಬಿನವರು ಅದರ ಹೆಸರನ್ನು ಈಗಲೂ ಗೌರವದಿಂದ ಹೇಳುತ್ತಾರೆ. 2009ರಲ್ಲಿ ಆ ಕಂಪನಿ ಟಿವಿ ವ್ಯಾಪಾರವನ್ನೇ ಬಿಡುತ್ತೇನೆ ಅಂತ ಹೇಳಿತು. ಅಷ್ಟು ದುಡ್ಡು ಕೊಡುವ ಜನ ಸಾಕಾಗಲಿಲ್ಲ. ಸೋನಿಯಂಥ ಸೋನಿಯೇ ಟಿವಿಯಲ್ಲಿ ಸತತ ಹತ್ತು ವರ್ಷ ನಷ್ಟ ತಿಂದು, 2014ರಲ್ಲಿ ಟಿವಿ ವಿಭಾಗವನ್ನು ಬೇರೆ ಕಂಪನಿಯಾಗಿ ಮಾಡಿತು. ಫಿಲಿಪ್ಸ್ ತನ್ನ ಟಿವಿ ವ್ಯಾಪಾರವನ್ನು 2012ರಲ್ಲಿ ಟಿಪಿವಿ ಅನ್ನುವ ಕಂಪನಿಗೆ ಒಪ್ಪಿಸಿತು. ತೋಷಿಬಾ ಟಿವಿ ಚೀನಾದ ಹೈಸೆನ್ಸ್ ಕೈಗೆ ಹೋಯಿತು. ಇವರು ಯಾರೂ ಕೆಲಸ ಬಾರದವರಲ್ಲ.

ನಮ್ಮ ದೇಶದಲ್ಲೇ ನಡೆದ ಉದಾಹರಣೆ ಬೇಕಾ? ಒನ್‌ಪ್ಲಸ್ 2019ರ ಸೆಪ್ಟೆಂಬರ್‌ನಲ್ಲಿ ಟಿವಿಗೆ ಇಳಿಯಿತು. ಫೋನಿನಲ್ಲಿ ಹೆಸರು ಮಾಡಿದ್ದ ಕಂಪನಿ. ಮೊದಲ ಎರಡು ಟಿವಿಗಳ ಬೆಲೆ 69,900 ಮತ್ತು 99,900 ರೂಪಾಯಿ. ಮೇಲಿನ ಸಾಲಿನಲ್ಲೇ ನಿಲ್ಲುವ ಆಸೆ. ಹತ್ತು ತಿಂಗಳಾಗುವುದರೊಳಗೆ, 2020ರ ಜುಲೈನಲ್ಲಿ, 12,999 ರೂಪಾಯಿಗೆ 32 ಇಂಚಿನ ಟಿವಿ ತಂದರು. ಅಷ್ಟು ಕೆಳಗೆ ಇಳಿದ ಮೇಲೂ ಕೆಲವೇ ವರ್ಷಗಳಲ್ಲಿ ಇಲ್ಲಿನ ಟಿವಿ ವ್ಯಾಪಾರದಿಂದ ಹೊರಗೆ ಹೋದರು. ಆ ಬೆಲೆಗೆ ಯಾಕೆ ಇಳಿಯಬೇಕಾಯಿತು ಅಂತ ಯೋಚಿಸಿ. ಮೇಲಿನ ಬೆಲೆಯಲ್ಲಿ ಗಿರಾಕಿ ಬೆರಳೆಣಿಕೆಯಷ್ಟು. ಗೋಡೌನ್ ತುಂಬಬೇಕು, ಸರ್ವಿಸ್ ಸೆಂಟರ್ ನಡೆಸಬೇಕು ಅಂದರೆ ಸಂಖ್ಯೆ ಬೇಕು. ಸಂಖ್ಯೆ ಇರುವುದು 32 ಮತ್ತು 43 ಇಂಚಿನಲ್ಲಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದ ಮೇಲೆ 43ರ ಕಡೆ ಬರುವ ಜನ ಇನ್ನೂ ಜಾಸ್ತಿ. ಅಲ್ಲಿ ಸಾವಿರ ರೂಪಾಯಿ ಹೆಚ್ಚು ಕಡಿಮೆಗೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಹಾಗಾದರೆ ಅಷ್ಟು ಕಡಿಮೆ ಬೆಲೆಗೆ ಮಾರುವವರು ಬದುಕುವುದು ಹೇಗೆ? ಇದು ನನಗೆ ನಿಜವಾಗಿ ಬೇಸರ ತರಿಸುವ ಸಂಗತಿ. ಅಮೆರಿಕದ ವಿಜಿಯೊ ಕಂಪನಿಯ 2021ರ ಒಂದು ತ್ರೈಮಾಸಿಕದ ಲೆಕ್ಕ ನೋಡಿ. ಟಿವಿ, ಸೌಂಡ್‌ಬಾರ್ ಮಾರಿದ್ದರಿಂದ ಬಂದ ಒಟ್ಟು ಲಾಭಕ್ಕಿಂತ ಜಾಹೀರಾತು ಮತ್ತು ನೋಡುಗರ ಮಾಹಿತಿಯಿಂದ ಬಂದ ಲಾಭ ಎರಡು ಪಟ್ಟು ಜಾಸ್ತಿ ಇತ್ತು. ಇದೇ ಕಂಪನಿ 1 ಕೋಟಿ 10 ಲಕ್ಷ ಟಿವಿಗಳಿಂದ, ಜನರನ್ನು ಸರಿಯಾಗಿ ಕೇಳದೆ, ಅವರು ಏನು ನೋಡುತ್ತಾರೆ ಅಂತ ಸಂಗ್ರಹಿಸಿದ್ದಕ್ಕೆ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಬೇಕಾಯಿತು. ಮುಂದೆ ವಾಲ್‌ಮಾರ್ಟ್ ಅದನ್ನು 230 ಕೋಟಿ ಡಾಲರಿಗೆ ಕೊಂಡಿತು. ಟಿವಿ ಅಗ್ಗ ಆಗಿದ್ದು ಬರೀ ಗಾಜು ಅಗ್ಗ ಆಗಿದ್ದರಿಂದಲ್ಲ. ಹಾಲ್‌ನಲ್ಲಿ ಕೂತ ಮನೆಯವರ ನೋಟವನ್ನೂ ಮಾರುತ್ತಿದ್ದಾರೆ. ನಿಮ್ಮ ಮಾಹಿತಿ ನಿಮ್ಮದೇ ಅಂತ ಹೇಳಿ ಫೋನ್ ಮಾರುವ ಕಂಪನಿ ಈ ದಾರಿ ಹಿಡಿದರೆ ಫೋನಿನಲ್ಲಿ ಗಳಿಸಿದ ಹೆಸರೇ ಕೆಡುತ್ತದೆ. ಹಿಡಿಯದಿದ್ದರೆ ಬೆಲೆಯಲ್ಲಿ ನಿಲ್ಲುವುದಿಲ್ಲ. ಎರಡೂ ಕಡೆ ಕಷ್ಟ.

ಬೆಲೆ ಎಷ್ಟು ಇರಬಹುದು ಅನ್ನುವುದಕ್ಕೆ ಅಂದಾಜು ಬೇಕಿದ್ದರೆ ಅವರ ಮಾನಿಟರ್ ನೋಡಿ. 27 ಇಂಚಿನ ಸ್ಟುಡಿಯೋ ಡಿಸ್‌ಪ್ಲೇ 2022ರಲ್ಲಿ ಬಂದಾಗ ನಮ್ಮ ದೇಶದಲ್ಲಿ 1,59,900 ರೂಪಾಯಿ ಇತ್ತು. ಅಷ್ಟೇ ದುಡ್ಡಿಗೆ ನಿಮ್ಮ ಅಂಗಡಿಯಲ್ಲಿ 65 ಇಂಚಿನ ಒಳ್ಳೆಯ ಟಿವಿ ಕೊಡುತ್ತೀರಿ, ಗೋಡೆಗೂ ಹಾಕಿಸಿ ಕೊಡುತ್ತೀರಿ.

ಇನ್ನೊಂದು ಮಾತು ಕಂಪನಿಯ ಲೆಕ್ಕದಲ್ಲಿ ಬರುವುದಿಲ್ಲ, ನಮ್ಮ ಮನೆಗಳಲ್ಲಿ ಮಾತ್ರ ಕಾಣುತ್ತದೆ. ಫೋನ್ ಒಬ್ಬರದು. ಒಂದು ಐಡಿ, ಒಂದು ಪಾಸ್‌ವರ್ಡ್, ಒಂದು ಮುಖ. ಟಿವಿ ಮನೆಯದು. ನಮ್ಮ ಕಡೆ ಟಿವಿ ಬಂದದ್ದೇ ಹಾಗೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೋ ಮತ್ತು ನಾಸಾ ಸೇರಿ ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ತೋರಿಸಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿ. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗಾ ಮತ್ತು ನಮ್ಮ ವಿಜಾಪುರ ಜಿಲ್ಲೆ. ಆಗ ಬಾಗಲಕೋಟೆಯೂ ಇದರೊಳಗೇ ಇತ್ತು. ಕೋಳಿ ಗೂಡಿಗೆ ಹಾಕುವಂಥ ತಂತಿ ಜಾಲರಿಯ ಆಂಟೆನಾ, ಸರ್ಕಾರಿ ಕಂಪನಿ ಇಸಿಐಎಲ್ ಮಾಡಿದ ಒಂದು ಸೆಟ್, ಅದರ ಮುಂದೆ ಊರಿಗೆ ಊರೇ. ಬೆಂಗಳೂರಿನ ಮನೆಗಳಿಗಿಂತ ಮೊದಲು ಟಿವಿ ನೋಡಿದ್ದು ನಮ್ಮ ಹಳ್ಳಿಗಳು ಅನ್ನುವುದು ನನಗೆ ಈಗಲೂ ಹೆಮ್ಮೆ.

ಊರಿನ ಟಿವಿ ಮನೆಯ ಟಿವಿ ಆಯಿತು, ಆದರೆ ಒಬ್ಬರದು ಆಗಲಿಲ್ಲ. ಸಂಜೆ ಅಜ್ಜಿಗೆ ಧಾರಾವಾಹಿ, ಮಕ್ಕಳಿಗೆ ಕಾರ್ಟೂನು, ರಾತ್ರಿ ಯಜಮಾನರಿಗೆ ಸುದ್ದಿ, ಐಪಿಎಲ್ ಬಂದರೆ ಪಕ್ಕದ ಮನೆಯವರೂ ಹಾಜರು. ಜಮಖಂಡಿಯ ಒಂದು ಮನೆಗೆ ಸರ್ವಿಸ್‌ಗೆ ಹೋಗಿದ್ದೆ. ಮಗ ಬೆಂಗಳೂರಿನಿಂದ ಬಂದು ಹೊಸ ಸ್ಮಾರ್ಟ್ ಟಿವಿ ಹಾಕಿ, ತನ್ನ ಐಡಿಯಲ್ಲಿ ಎಲ್ಲ ಹಚ್ಚಿಕೊಟ್ಟು ಹೋಗಿದ್ದ. ಒಮ್ಮೆ ಕರೆಂಟ್ ಹೋಗಿ ಬಂದ ಮೇಲೆ ಟಿವಿ ಪಾಸ್‌ವರ್ಡ್ ಕೇಳುತ್ತಿತ್ತು. ಅಜ್ಜಿ ನಾಲ್ಕು ದಿನದಿಂದ ಆ ಪರದೆಯ ಮುಂದೆ ಸುಮ್ನೆ ಕೂತಿದ್ದರು. "ಯಪ್ಪಾ, ನನ್ನ ಡಿಶ್ ಒಂದ್ ಹಚ್ಚಿ ಕೊಡೋ" ಅಂದರು. ನಾನು ಮಾಡಿದ್ದು ಇಷ್ಟೇ, ಟಿವಿ ಆನ್ ಆದ ಕೂಡಲೇ ಎಚ್‌ಡಿಎಂಐ 1ಕ್ಕೆ, ಅಂದರೆ ಡಿಶ್‌ಗೆ ಹೋಗುವ ಹಾಗೆ ಸೆಟ್ಟಿಂಗ್ ಬದಲಿಸಿದೆ. ಒಬ್ಬರಿಗೆ ಒಂದು ಐಡಿ ಅಂತಲೇ ಬೆಳೆದ ಕಂಪನಿಗೆ ಈ ಅಜ್ಜಿಗೆ ಟಿವಿ ಹಚ್ಚಲು ಒಂದು, ಚಾನೆಲ್ ಬದಲಿಸಲು ಒಂದು, ಎರಡೇ ಗುಂಡಿ ಸಾಕು ಅನ್ನುವುದು ಅರ್ಥ ಆಗಲು ತುಂಬಾ ಸಮಯ ಬೇಕು.

ಸರ್ವಿಸ್ ಬಗ್ಗೆ ಹೇಳದೆ ಮುಗಿಸಲಾರೆ. ಫೋನ್ ಕೆಟ್ಟರೆ ಗಿರಾಕಿ ಜೇಬಿನಲ್ಲಿ ಹಾಕಿಕೊಂಡು ಊರಿಗೆ ಬರುತ್ತಾನೆ. ಟಿವಿ ಕೆಟ್ಟರೆ ನಾವೇ ಅವನ ಮನೆಗೆ ಹೋಗಬೇಕು. ಆ್ಯಪಲ್‌ನ ಸ್ವಂತ ಅಂಗಡಿ ಕರ್ನಾಟಕದಲ್ಲಿ ಶುರುವಾದದ್ದು 2025ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ. ವಿಜಯಪುರದಿಂದ 500 ಕಿಲೋಮೀಟರ್‌ಗಿಂತ ಜಾಸ್ತಿ. ದೊಡ್ಡ ಗಾಜನ್ನು ಸಿಂದಗಿ, ಇಂಡಿ ದಾಟಿ ತೋಟದ ಮನೆಗೆ ಒಯ್ದು ಹಾಕುವ ಜನ, ಬಿಡಿಭಾಗ ಇಡುವ ಗೋಡೌನ್, ಇದೆಲ್ಲ ಹತ್ತು ಹದಿನೈದು ವರ್ಷ ಕಟ್ಟಬೇಕಾದ ಕೆಲಸ. ನಾನಿದ್ದ ಕಂಪನಿ ಟಿವಿ ಬಿಟ್ಟು ಹೋದಾಗ ನಾನು ನೋಡಿದ್ದೇನೆ. ಇಂಡಿ ತಾಲೂಕಿನ ಒಬ್ಬ ರೈತರ ಮನೆಯಲ್ಲಿ ವಾರಂಟಿ ಇನ್ನೂ ಇದ್ದ ಟಿವಿಗೆ ಪ್ಯಾನೆಲ್ ಸಿಗಲಿಲ್ಲ. ಮಗಳ ಮದುವೆ ಆದ ವರ್ಷ ತಂದಿದ್ದ ಟಿವಿ ಅದು. ಮೂರು ಸಲ ಅವರ ಮನೆಗೆ ಹೋಗಿ ಕೈ ಬೀಸಿಕೊಂಡು ವಾಪಸ್ ಬಂದೆ. ಮೂರನೇ ಸಲವೂ ಅವರು ಚಹಾ ಕೊಟ್ಟರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಹತ್ತು ವರ್ಷ ನಿಲ್ಲುವ ಮನಸ್ಸಿಲ್ಲದವರು ಟಿವಿ ಮಾರಬಾರದು ಅಂತ ನಾನು ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ.

ದುಬಾರಿ ಕಂಪನಿ ಈ ಕ್ಷೇತ್ರದಲ್ಲಿ ಮಾಡಬೇಕಾದ ಕೆಲಸ ಇಲ್ಲವೇ ಇಲ್ಲ ಅಂತಲ್ಲ. ಡಬ್ಬಿಯೇ ಆ ಕೆಲಸ. 2022ರ ಆ್ಯಪಲ್ ಟಿವಿ 4ಕೆ ಡಬ್ಬಿಯಲ್ಲಿ ಐಫೋನ್ 13ರಲ್ಲಿದ್ದ ಎ15 ಚಿಪ್ಪೇ ಇದೆ. ಬಂದಾಗ ಬೆಲೆ 14,900 ರೂಪಾಯಿಯಿಂದ ಶುರು. ಒಂದು ಸಲ ಅದನ್ನು ಆರು ವರ್ಷ ಹಳೆಯ 43 ಇಂಚಿನ ಟಿವಿಗೆ ಜೋಡಿಸಿ ನೋಡಿ. ತೆವಳುತ್ತಿದ್ದ ಟಿವಿ ಓಡುತ್ತದೆ. ನನಗೆ ಆಸೆ ಇರುವುದು ಇನ್ನೂ ಸ್ವಲ್ಪ ಮುಂದೆ. ಅದನ್ನು ಅರ್ಧ ಬೆಲೆಗೆ ತರಲಿ. ಅಜ್ಜಿಗೆ ಅಂತ ದೊಡ್ಡ ಗುಂಡಿಯ ರಿಮೋಟ್ ಕೊಡಲಿ. ನಮ್ಮ ಡಿಶ್ ಚಾನೆಲ್‌ಗಳೂ ಅದರೊಳಗೇ ಬರುವ ಹಾಗೆ ಮಾಡಲಿ. ಟಿವಿ ತೆಳ್ಳಗಾದಷ್ಟೂ ಧ್ವನಿ ಸತ್ತಿದೆ, ಸ್ಪೀಕರಿಗೂ ಅಲ್ಲಿ ಜಾಗ ಇದೆ. ಇದೆಲ್ಲ ಗಾಜಿಲ್ಲದೆ ಮಾಡಬಹುದಾದ ವ್ಯಾಪಾರ.

ಈಗ ನಿಮ್ಮ ಅಂಗಡಿಗೆ ಬರೋಣ. ದೊಡ್ಡ ಟಿವಿಗಳ ಸ್ಟಾಕ್ ಕಡಿಮೆ ಮಾಡಬೇಡಿ. ಮದುವೆ ಸೀಸನ್ ಮುಂಚೆ 43 ಮತ್ತು 55 ತುಂಬಿಸಿಕೊಳ್ಳಿ, 65ರಲ್ಲಿ ಒಂದನ್ನು ಡೆಮೊಗೆ ಹಚ್ಚಿಡಿ. ಅದರ ಪಕ್ಕದಲ್ಲೇ ಒಂದು ಡಬ್ಬಿ ಜೋಡಿಸಿ, ಐಫೋನ್ ಹಿಡಿದು ಬಂದವರ ಕೈಯಲ್ಲೇ ರಿಮೋಟ್ ಕೊಡಿ. ಅವರು ಕೇಳುತ್ತಿರುವುದು ಆ್ಯಪಲ್ ಗಾಜನ್ನಲ್ಲ. ಫೋನಿನ ಫೋಟೋ, ವಿಡಿಯೋ ತಡವಿಲ್ಲದೆ ದೊಡ್ಡ ಪರದೆಗೆ ಬರಬೇಕು ಅಂತ ಕೇಳುತ್ತಿದ್ದಾರೆ. ಅದು ಇವತ್ತೇ ಸಿಗುತ್ತದೆ.

ತಿಕೋಟಾದವರಿಗೆ ಟಿವಿ ತೋರಿಸುವ ಮೊದಲು ಹಾಲ್‌ನ ಕಿಟಕಿ ಯಾವ ದಿಕ್ಕಿಗಿದೆ ಅಂತ ಕೇಳಿ. ಕಿಟಕಿ ಪಶ್ಚಿಮಕ್ಕಿದ್ದು ಟಿವಿ ಅದರ ಎದುರು ಗೋಡೆಗೆ ಬಂದರೆ, ನಮ್ಮ ಬಿಸಿಲಿಗೆ ಹೊಳೆಯುವ ಗಾಜಿನ ಒಎಲ್ಇಡಿ ಬೇಡ, ಬೆಳಕು ಜಾಸ್ತಿ ಇರುವ ಎಲ್ಇಡಿ ಕೊಡಿ. ಪ್ಯಾನೆಲ್ ವಾರಂಟಿ ಎಷ್ಟು ವರ್ಷ ಅಂತ ಬಿಲ್ಲಿನ ಮೇಲೇ ಬರೆದುಕೊಡಿ. ತೋಟದ ಲೈನ್ ಆಗಿದ್ದರೆ ಸ್ಟೆಬಿಲೈಜರ್ ಬಿಡಬೇಡಿ. ಹೊಸ ಮನೆ ಅಂದಿರಲ್ಲ, ಗೋಡೆಯ ಗಿಲಾಯಿ ಇನ್ನೂ ಮುಗಿದಿಲ್ಲ ಅಂದರೆ ಇವತ್ತೇ ಅವರಿಗೆ ಫೋನ್ ಮಾಡಿ. ಟಿವಿ ಬರುವ ಗೋಡೆಯಲ್ಲಿ ಮೇಲಿಂದ ಕೆಳಗಿನ ಕಪಾಟಿನವರೆಗೆ ಎರಡು ಇಂಚಿನ ಪೈಪ್ ಹಾಕಿಸಲಿ. ಡಬ್ಬಿ ಕಪಾಟಿನಲ್ಲಿರುತ್ತದೆ, ವೈರು ಗೋಡೆಯೊಳಗೆ ಹೋಗುತ್ತದೆ. ನಾಲ್ಕು ವರ್ಷಕ್ಕೆ ಡಬ್ಬಿ ಬದಲಿಸುವಾಗ ಟಿವಿಯನ್ನು ಗೋಡೆಯಿಂದ ಇಳಿಸುವ ಕೆಲಸ ಬರುವುದಿಲ್ಲ.